ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡು

12-2-2004

ಪ್ರೀತಿಯ ತಮ್ಮನಿಗೆ,

ಇಲ್ಲಿ ಎಲ್ಲರೂ ಇದ್ದಲ್ಲೇ ಇದ್ದೇವೆ, ಕಲ್ಲುಪುಡಿ ತಿನ್ನುತ್ತಾ. ಈ ವರ್ಷದ ಕಣ್ಣಿನ ಮಾತ್ರೆ ಹಂಚಿ ಮುಗಿಸಿದೆ. ಪಟ್ಟಿಯಲ್ಲಿದ್ದವರು ಇನ್ನೂರ ಹನ್ನೆರಡು, ನುಂಗಿದವರು ಇನ್ನೂರ ಹನ್ನೆರಡು. ಸತತ ನಾಲ್ಕನೇ ವರ್ಷ. ಈ ಗಣಿಯ ಸಾಲುಮನೆಗಳಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ನೊಣ ಕೂಡ ಮಾತ್ರೆ ಉಗುಳುವ ಹಾಗಿಲ್ಲ. ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತೇನೆ. ಹದಿನೇಳನೇ ಮನೆಯ ಕ್ರಷರ್ ಆಪರೇಟರ್ ಇದ್ದಾನಲ್ಲ, ಕುಳ್ಳ, ಅವನು ಅಳತೆ ಕೋಲಿನ ಹತ್ತಿರ ತುದಿಗಾಲಲ್ಲಿ ನಿಂತ. ಎತ್ತರ ನೋಡಿ ತಾನೆ ಮಾತ್ರೆ ಎಣಿಸುವುದು? ಮಗನಿಗೆ ನಾಲ್ಕು, ಅಪ್ಪನಿಗೆ ಮೂರು ಅಂತಾದರೆ ಮರ್ಯಾದೆ ಏನಾಗಬೇಕು! "ಹಿಮ್ಮಡಿ ಊರಪ್ಪ, ನಿನ್ನ ಹೆಂಡತಿ ನೋಡ್ತಿಲ್ಲ" ಅಂದೆ. ಊರಿದ. ಊರಿದರೂ ನಾಲ್ಕೇ ಬಂತು ಪಾಪ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಆಫೀಸಿನಿಂದ ನನಗೆ ಒಂದು ಕಾಗದ ಬಂದಿದೆ. ಡಿಸೆಂಬರಿನಲ್ಲಿ ಬಂದವರು ಇಲ್ಲಿಯ ನಲವತ್ತೊಂದು ಮಕ್ಕಳ ರೆಪ್ಪೆ ಮಗುಚಿ ನೋಡಿದರಂತೆ, ಹದಿನೈದು ಮಕ್ಕಳಿಗೆ ಟ್ರಕೋಮಾ, ಅದೇ ಆ ಕಣ್ಣಿನ ಅಂಟುರೋಗ, ಇದೆಯಂತೆ, ಇದಕ್ಕೆ ನಾನು ಲಿಖಿತ ವಿವರಣೆ ಕೊಡಬೇಕಂತೆ. ಮಾತ್ರೆ ಕೊಟ್ಟವಳು ನಾನು, ರೋಗ ಕೊಟ್ಟವಳೂ ನಾನೇನಾ? ಅಂಕಿ ಅಂಶದ ಮೇಜಿನಲ್ಲಿ ಕೂತಿರುವವನು ನೀನು. ಫೈಲಿನಲ್ಲಿ ಏನಿದೆ ನೋಡಿ ಬರಿ. ಈ ಕೆಲಸ ಹೋದರೆ ನನಗೆ ಇಲ್ಲಿ ಜಲ್ಲಿ ಹೊರುವುದು ಬಿಟ್ಟು ಬೇರೆ ಕೆಲಸವಿಲ್ಲ, ಅದು ನಿನಗೂ ಗೊತ್ತು.

ಅಮ್ಮ ಆರಾಮಾಗಿದ್ದಾಳೆ. ದಿನವಿಡೀ ಅಂಗಳದಲ್ಲಿ ಕೂತು ಹೋಗಿ ಬರುವವರನ್ನು ಮಾತಾಡಿಸುತ್ತಾಳೆ. ಕೈಗೆ ಕೆಲಸ ಕೊಡುವುದಿಲ್ಲ ನಾನು.

ನಿನ್ನ ಅಕ್ಕ


1-3-2004

ಪ್ರೀತಿಯ ಅಕ್ಕನಿಗೆ,

ಫೈಲು ನೋಡಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಮ್ಮ ವಿಭಾಗದಲ್ಲಿ ಮಾತ್ರೆ ಹಂಚುವ ಜಾಗಗಳು ಮೂವತ್ತೆರಡು. ಹೆಚ್ಚಿನ ಕಡೆ ನೂರಕ್ಕೆ ಎಂಬತ್ತೈದು ಜನ ನುಂಗಿದರೆ ಅದೇ ದೊಡ್ಡದು. ಅಂಥ ಕಡೆಯೆಲ್ಲ ರೋಗ ನೂರಕ್ಕೆ ನಾಲ್ಕು ಐದಕ್ಕೆ ಇಳಿದಿದೆ. ನಿನ್ನ ಸಾಲುಮನೆಗಳಲ್ಲಿ ಮಾತ್ರ ನೂರಕ್ಕೆ ನೂರು ನುಂಗಿದ್ದಾರೆ, ರೋಗ ಮೂವತ್ತೇಳರಲ್ಲಿ ನಿಂತಿದೆ. ನಮ್ಮ ಸಾಹೇಬರು ಎರಡೇ ಮಾತು ಹೇಳಿದರು: "ಒಂದೋ ಮಾತ್ರೆ ಚರಂಡಿಗೆ ಹೋಗಿದೆ, ಇಲ್ಲಾ ರಿಜಿಸ್ಟರಿನಲ್ಲಿ ಗುರುತು ಸುಳ್ಳು." ನೀನು ನನ್ನ ಅಕ್ಕ ಅಂತ ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಒಂದು ಮಾತು ಕೇಳಲೇ? ಎಲ್ಲರೂ ನಿನ್ನೆದುರೇ ನುಂಗುತ್ತಾರೆ ತಾನೆ? ಮನೆಯಲ್ಲಿ ಇಲ್ಲದವರ ಪಾಲಿನದನ್ನು ಹೆಂಡತಿಯ ಕೈಗೆ ಕೊಟ್ಟು ಗುರುತು ಹಾಕುವುದು ಎಲ್ಲ ಕಡೆ ನಡೆಯುತ್ತದೆ, ಅದೇನು ದೊಡ್ಡ ಅಪರಾಧವಲ್ಲ. ಇನ್ನು ಮುಂದೆ ಹತ್ತು ಜನ ಸಿಗಲಿಲ್ಲ ಅಂತಲಾದರೂ ಬರಿ. ಪೂರ್ತಿ ನೂರನ್ನು ಯಾವ ಆಫೀಸೂ ನಂಬುವುದಿಲ್ಲ.

ಇಲ್ಲಿ ಮನೆ ಇಕ್ಕಟ್ಟು. ಇಲ್ಲದಿದ್ದರೆ ಅಮ್ಮನನ್ನು ಕರೆಸಿಕೊಳ್ಳುತ್ತಿದ್ದೆ.

ನಿನ್ನ ತಮ್ಮ


9-3-2004

ತಮ್ಮನಿಗೆ,

ನುಂಗುತ್ತಾರೆ. ನನ್ನೆದುರೇ ನುಂಗುತ್ತಾರೆ.

ಸಾಹೇಬರು ಕೇಳಿದ್ದಕ್ಕೆ ನನಗೆ ಏನೂ ಅನಿಸಲಿಲ್ಲ, ಅವರು ನನ್ನ ಮುಖ ನೋಡಿದವರಲ್ಲ. ನೀನು ಕೇಳಿದೆಯಲ್ಲ, ಅದು ನೋವಾಯಿತು. ಹೊತ್ತು ಹುಟ್ಟುವ ಮೊದಲು ಗಣಿಯ ಗೇಟಿನಲ್ಲಿ ನಿಂತು, ರಜೆಯ ದಿನ ಒಬ್ಬೊಬ್ಬರನ್ನೂ ಹಾಸಿಗೆಯಿಂದ ಎಬ್ಬಿಸಿ ನುಂಗಿಸಿದ್ದೇನೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನಗೆ, ಅದೂ ಒಡಹುಟ್ಟಿದವನ ಮುಂದೆ.

ಹತ್ತು ಜನ ಸಿಗಲಿಲ್ಲ ಅಂತ ಬರೆಯುವುದಿಲ್ಲ. ಸಿಕ್ಕಿದ್ದಾರೆ.

ಅಕ್ಕ


20-4-2004

ಅಕ್ಕಾ,

ಒಂದೂವರೆ ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕೋಪ ಬಂದರೆ ಬೈದು ಬರಿ, ಮೌನ ಮಾತ್ರ ಬೇಡ. ನನಗೆ ನಿನ್ನ ಮೇಲೆ ಅನುಮಾನವಿಲ್ಲ. ಕೇಳಬೇಕಾದದ್ದು ನನ್ನ ಕೆಲಸ, ಕೇಳಿದೆ.

ಅಮ್ಮನಿಗೆ ಧೂಳಿಗೆ ಅಂತ ಒಂದು ಕನ್ನಡಕ ಕಳಿಸಿದ್ದೇನೆ. ಮುಟ್ಟಿತೇ?

ತಮ್ಮ


2-6-2004

ಅಕ್ಕಾ,

ಇನ್ನೂ ಮುನಿಸೇ? ಇರಲಿ. ನಿನಗೊಂದು ವಿಷಯ ತಿಳಿಸಬೇಕು. ವಾರ್ಷಿಕ ವರದಿ ಕಳಿಸುವಾಗ ನಿನ್ನ ಇನ್ನೂರ ಹನ್ನೆರಡನ್ನು ನಾನು ಇನ್ನೂರ ಮೂರು ಮಾಡಿದೆ. ಒಂಬತ್ತು ಜನ "ಲಭ್ಯವಿರಲಿಲ್ಲ" ಅಂತ ಬರೆದೆ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು. ನೂರಕ್ಕೆ ತೊಂಬತ್ತಾರು ಅಂದರೆ ಯಾರೂ ಹುಬ್ಬು ಏರಿಸುವುದಿಲ್ಲ.

ಆದರೂ ಸಾಹೇಬರು ವಿಚಾರಣೆಗೆ ಒಬ್ಬರನ್ನು ಕಳಿಸುತ್ತಿದ್ದಾರೆ. ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ನರ್ಸ್, ದೊಡ್ಡ ಸಿಸ್ಟರ್ ಅಂತ ಕರೆಯುತ್ತೇವೆ. ಮಾತು ಕಡಿಮೆ. ರಿಜಿಸ್ಟರು, ಖಾಲಿ ಸ್ಟ್ರಿಪ್ಪುಗಳು ಎಲ್ಲ ಸರಿಯಾಗಿ ಇಟ್ಟುಕೋ. ಎದುರು ಮಾತಾಡಬೇಡ.

ತಮ್ಮ


19-6-2004

ತಮ್ಮನಿಗೆ,

ನಿನ್ನ ಕಾಗದ ಬಂದ ದಿನ ಒಲೆಗೆ ಹಾಕಬೇಕು ಅಂದುಕೊಂಡೆ. ನಾಲ್ಕು ವರ್ಷ ಒಬ್ಬೊಬ್ಬರ ನಾಲಿಗೆ ಎತ್ತಿಸಿ ನಾನು ತಂದ ಅಂಕಿಯನ್ನು ನೀನು ಕೂತಲ್ಲೇ ಪೆನ್ನಿನಲ್ಲಿ ತಿದ್ದಿದೆ, ಅದೂ ನನ್ನ ಒಳ್ಳೆಯದಕ್ಕೆ! ಬೈಯುವುದು ಬಹಳ ಇತ್ತು. ಈಗ ಬೈಯುವ ಬಾಯಿ ಇಲ್ಲ ನನಗೆ. ಯಾಕೆ ಅಂತ ಓದು.

ದೊಡ್ಡ ಸಿಸ್ಟರ್ ನೀರಿನ ಟ್ಯಾಂಕರಿನಲ್ಲಿ ಡ್ರೈವರ್ ಪಕ್ಕ ಕೂತು ಬಂದರು. ರಿಜಿಸ್ಟರು ಮುಂದಿಟ್ಟೆ, ಸ್ಟ್ರಿಪ್ಪುಗಳ ಚೀಲ ಮುಂದಿಟ್ಟೆ. ಎರಡನ್ನೂ ಮುಟ್ಟಲಿಲ್ಲ. "ಆಮೇಲೆ ನೋಡೋಣಮ್ಮ, ಸುಸ್ತಾಗಿದೆ" ಅಂತ ನಮ್ಮ ಅಂಗಳದ ಕಟ್ಟೆಯ ಮೇಲೆ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ನಾನು ಒಳಗೆ ಹೊರಗೆ ಓಡಾಡುತ್ತಾ, ಇವರೇನು ವಿಚಾರಣೆಗೆ ಬಂದವರೋ ನೆಂಟರೋ ಅಂದುಕೊಂಡೆ.

ನಿನಗೆ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಅಮ್ಮ ಅಂಗಳದಲ್ಲಿ ಸುಮ್ಮನೆ ಕೂತಿರುವುದಿಲ್ಲ. ಜಲ್ಲಿ ಹೊರಲು ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಮೂರು ವರ್ಷದಿಂದ. ದಿನಕ್ಕೆ ಇಪ್ಪತ್ತು ಮಕ್ಕಳು. ನಾನು ಬೇಡ ಅಂದಿದ್ದೆ, "ಕೈಕಾಲು ಆಡುವಾಗ ಕೂತು ತಿಂದ್ರೆ ಅನ್ನ ಮೈಗೆ ಹತ್ತಲ್ಲ ಕಣೇ" ಅಂದಳು. ಮಗಳ ಮನೆಯಲ್ಲಿ ಅಮ್ಮ ದುಡಿಯುತ್ತಾಳೆ ಅಂತ ನೀನು ನೊಂದುಕೊಳ್ಳುತ್ತೀಯ, ನಿನ್ನ ಭಾವನನ್ನು ಹಗುರ ಮಾಡಿ ನೋಡುತ್ತೀಯ ಅಂತ ಬರೆಯಲಿಲ್ಲ.

ಆ ಇಪ್ಪತ್ತರಲ್ಲಿ ಎಂಟು ಮಕ್ಕಳು ಸಾಲುಮನೆಯವು. ಉಳಿದ ಹನ್ನೆರಡು ಕ್ರಷರಿನ ಆಚೆಯ ತಗಡಿನ ಶೆಡ್ಡಿನವು. ಗುತ್ತಿಗೆಯವನು ಕರೆತರುವ ಜನ ಅವರು, ನಾಲ್ಕು ತಿಂಗಳು ಇರುತ್ತಾರೆ, ಹೋಗುತ್ತಾರೆ, ಬೇರೆಯವರು ಬರುತ್ತಾರೆ. ಶೆಡ್ಡಿಗೆ ಮನೆ ನಂಬರಿಲ್ಲ. ನಂಬರಿಲ್ಲದವರು ನನ್ನ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಮಾತ್ರೆ ಬರುವುದಿಲ್ಲ.

ಸಿಸ್ಟರ್ ನೋಡಿದ್ದು ಇದು. ಟ್ಯಾಂಕರ್ ವಾರಕ್ಕೆ ಎರಡು ಸಲ ಬರುತ್ತದೆ, ಹಾಗಾಗಿ ಅಮ್ಮನ ಹತ್ತಿರ ಮಕ್ಕಳ ಮುಖಕ್ಕೆ ಅಂತ ದಿನಕ್ಕೆ ಒಂದೇ ಬೋಗುಣಿ ನೀರು, ಒಂದೇ ಬಟ್ಟೆ. ಅಮ್ಮ ಎಷ್ಟು ಶಿಸ್ತು ಅಂತ ನಿನಗೆ ಗೊತ್ತಲ್ಲ. ಯಾವ ಮಗುವಿನ ಕಣ್ಣಲ್ಲೂ ಪಿಸುರು ಇರಬಾರದು, ಮೂಗು ಸುರಿಯಬಾರದು. ಸಾಲಾಗಿ ಕೂರಿಸಿ ಬೋಗುಣಿಯಲ್ಲಿ ಬಟ್ಟೆ ಅದ್ದಿ ಹಿಂಡಿ ಒಬ್ಬರಾದ ಮೇಲೆ ಒಬ್ಬರ ಕಣ್ಣು ಒರೆಸುತ್ತಾಳೆ. ಬೆಳಿಗ್ಗೆ ಒಂದು ಸಲ, ಊಟಕ್ಕೆ ಮುಂಚೆ ಒಂದು ಸಲ, ತಾಯಂದಿರು ಬರುವ ಹೊತ್ತಿಗೆ ಒಂದು ಸಲ. ಆಮೇಲೆ ಅದೇ ಬಟ್ಟೆಯಲ್ಲಿ ತನ್ನ ಕಣ್ಣು.

"ಆ ಪುಟ್ಟ ಹುಡುಗಿ ಯಾವ ಮನೆ ನಂಬರು?" ಅಂತ ಕೇಳಿದರು ಸಿಸ್ಟರ್.

"ಅದು ಶೆಡ್ಡಿಂದು ಸಿಸ್ಟರ್, ನನ್ನ ಪಟ್ಟೀದಲ್ಲ" ಅಂದೆ. ಎಷ್ಟು ಧೈರ್ಯವಾಗಿ ಅಂದೆ ಗೊತ್ತಾ!

"ಈ ಅಜ್ಜಿ?"

"ನಮ್ಮ ಅಮ್ಮ. ಅವಳ ಹೆಸರು ತಮ್ಮನ ಕುಟುಂಬದ ಪಟ್ಟೀಲಿದೆ, ಸಿಟೀಲಿ."

"ಇರೋದು ಎಲ್ಲಿ?"

ಸಿಸ್ಟರ್ ಎದ್ದು ಶೆಡ್ಡಿನ ಹನ್ನೆರಡು ಮಕ್ಕಳ ರೆಪ್ಪೆ ಮಗುಚಿ ನೋಡಿದರು. ಹತ್ತು ಮಕ್ಕಳಿಗೆ ಇದೆ. ಪ್ರತಿ ವರ್ಷ ನಾನು ಫೆಬ್ರವರಿಯಲ್ಲಿ ಮಾತ್ರೆ ಕೊಟ್ಟು ವಾಸಿ ಮಾಡಿದ ಮಕ್ಕಳಿಗೆ ಅಮ್ಮ ಮಾರ್ಚಿನಿಂದ ದಿನಕ್ಕೆ ಮೂರು ಸಲ ಒರೆಸಿ ಒರೆಸಿ ಮತ್ತೆ ಹಚ್ಚಿದ್ದಾಳೆ. ಮಕ್ಕಳು ಅದನ್ನು ಮನೆಗೆ ಒಯ್ದು ಅಣ್ಣ ತಮ್ಮಂದಿರಿಗೆ ಹಂಚಿವೆ. ನೀನು ಒಂಬತ್ತು ಜನ ಬಿಟ್ಟುಹೋದರು ಅಂತ ಸುಳ್ಳು ಬರೆದೆಯಲ್ಲ, ನಿಜವಾಗಿ ಬಿಟ್ಟುಹೋದವರು ಶೆಡ್ಡಿನ ಐವತ್ಮೂರು ಜನ ಮತ್ತು ಅಮ್ಮ. ಸುಳ್ಳಿನಲ್ಲೂ ಕಂಜೂಸುತನ ನಿನ್ನದು.

ಕೊನೆಗೆ ಅಮ್ಮನ ಕಣ್ಣು ನೋಡಿದರು. ಅದೇ ರೋಗ ಹಳತಾಗಿ ಎರಡು ರೆಪ್ಪೆಯೂ ಒಳಕ್ಕೆ ಮಡಚಿವೆ. ಕೂದಲು ಕಣ್ಣುಗುಡ್ಡೆಗೆ ತಾಗಿ ಉಜ್ಜುತ್ತದೆ. ಅಮ್ಮ ದಿನ ಬಿಟ್ಟು ದಿನ ಸಣ್ಣ ಚಿಮ್ಮಟ ಹಿಡಿದು ತಾನೇ ಕಿತ್ತುಕೊಳ್ಳುತ್ತಿದ್ದಳಂತೆ, ನಾನು ಕೆಲಸಕ್ಕೆ ಹೋದ ಮೇಲೆ. ಎಡಗಣ್ಣಿನ ಮೇಲೆ ಬಿಳಿ ಪೊರೆ ಬಂದಿದೆ. "ಯಾಕಮ್ಮ ಹೇಳಲಿಲ್ಲ?" ಅಂದರೆ, "ನಿನ್ನ ಹತ್ರ ನನಗೆ ಕೊಡೋಕೆ ಮಾತ್ರೆ ಇರ್ಲಿಲ್ವಲ್ಲ, ಹೇಳಿ ನಿನ್ನ ಯಾಕೆ ಪೇಚಿಗೆ ಸಿಕ್ಕಿಸಲಿ" ಅಂದಳು.

ಮಾತ್ರೆಯ ಡಬ್ಬಿ ನಮ್ಮ ಮನೆಯ ಗೂಡಿನಲ್ಲೇ ಇತ್ತು ಕಣೋ, ನಾಲ್ಕು ವರ್ಷ. ಎಣಿಸಿ ಬರುತ್ತದೆ, ಎಣಿಸಿ ಕೊಡಬೇಕು, ನನ್ನ ಅಮ್ಮ ಅಂತ ಒಂದು ಮಾತ್ರೆ ತೆಗೆದರೆ ಪಟ್ಟಿಯಲ್ಲಿ ಒಬ್ಬರಿಗೆ ಕಡಿಮೆಯಾಗುತ್ತದೆ ಅಂತ ನಾನು ಮುಟ್ಟಲಿಲ್ಲ. ಅದನ್ನು ಪ್ರಾಮಾಣಿಕತೆ ಅಂದುಕೊಂಡಿದ್ದೆ. ಜಂಬ ಅದು.

ರೆಪ್ಪೆ ತಿರುಗಿಸಿ ಹೊಲಿಯುವ ಡಾಕ್ಟರ ತಂಡ ಸೆಪ್ಟೆಂಬರ್ ಎಂಟಕ್ಕೆ ಗಣಿಗೆ ಬರುತ್ತದೆ. ಇಲ್ಲಿನ ಪಟ್ಟಿಯಲ್ಲಿರುವವರಿಗೆ ಮಾತ್ರ. ನಿನ್ನ ಪಟ್ಟಿಯಿಂದ ಅಮ್ಮನ ಹೆಸರು ತೆಗೆಸಿ ಚೀಟಿ ಕಳಿಸು, ಇಲ್ಲಿ ಸೇರಿಸುತ್ತೇನೆ. ದೊಡ್ಡಾಸ್ಪತ್ರೆಯ ಸೌಲಭ್ಯ ಸಿಗಲಿ ಅಂತ ನೀನು ಸೇರಿಸಿಕೊಂಡಿದ್ದೆ, ಆ ಸೌಲಭ್ಯ ಅವಳಿಗೆ ಒಂದು ದಿನವೂ ಬೇಕಾಗಲಿಲ್ಲ.

ಅಕ್ಕ


5-7-2004

ಅಕ್ಕಾ,

ಕಾಗದ ಓದಿದೆ. ನಿನ್ನೊಬ್ಬಳದೇ ತಪ್ಪಲ್ಲ, ಹಾಗೆ ಹಚ್ಚಿಕೊಳ್ಳಬೇಡ.

ಶೆಡ್ಡುಗಳ ವಿಷಯ ಆಗಲೇ ಕೈಗೆತ್ತಿಕೊಂಡೆ. ಸಿಸ್ಟರ್ ವರದಿಯೂ ಗಟ್ಟಿಯಾಗಿದೆ. ಶೆಡ್ಡುಗಳಿಗೆ ನಂಬರು ಹಾಕಿ ಐವತ್ಮೂರು ಜನಕ್ಕೂ ವಿಶೇಷ ಸುತ್ತಿನಲ್ಲಿ ಮಾತ್ರೆ ಕಳಿಸಲು ಆದೇಶವಾಗಿದೆ. ನಿನ್ನ ವಿವರಣೆಯ ಕಡತ ಮುಚ್ಚಿದೆ. ಕೆಲಸಕ್ಕೆ ತೊಂದರೆ ಇಲ್ಲ.

ಅಮ್ಮನ ಹೆಸರಿನದು ಸ್ವಲ್ಪ ತಡಿ. ಅದಕ್ಕೆ ಅರ್ಜಿ, ಪರಿಶೀಲನೆ ಅಂತ ಹಲವು ಹಂತಗಳಿವೆ. ಅದರ ಬದಲು ಅಮ್ಮನನ್ನೇ ಇಲ್ಲಿಗೆ ಕಳಿಸಿಬಿಡು. ಇಲ್ಲೇ ಒಳ್ಳೆಯ ಡಾಕ್ಟರಿಗೆ ತೋರಿಸೋಣ. ಹೆಸರು ಇಲ್ಲೇ ಇರುವುದರಿಂದ ಸುಲಭ.

ತಮ್ಮ


22-7-2004

ತಮ್ಮನಿಗೆ,

ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಮಾರ್ಚಿನಲ್ಲಿ ಮನೆ ಇಕ್ಕಟ್ಟು ಅಂದವನು ಜುಲೈಯಲ್ಲಿ ಅಮ್ಮನನ್ನು ಕಳಿಸು ಅನ್ನುತ್ತೀಯ. ನಾಲ್ಕು ತಿಂಗಳಲ್ಲಿ ಗೋಡೆ ಹಿಂದಕ್ಕೆ ಸರಿಯಿತೇ?

ಅಮ್ಮ ಬರುವುದಿಲ್ಲ. ಎರಡು ದಿನದ ಬಸ್ಸು, ಆ ಕಣ್ಣಿಗೆ ಬಿಸಿಲು ಬಿದ್ದರೆ ನೀರು ಧಾರೆಯಾಗಿ ಸುರಿಯುತ್ತದೆ. "ಅವನ ಮನೇಲಿ ನಾನು ಯಾವತ್ತೂ ಕಾಲಿಟ್ಟಿಲ್ಲ, ಕಣ್ಣು ಹೋಗೋ ಹೊತ್ತಲ್ಲಿ ಹೋಗಿ ಏನು ನೋಡಲಿ" ಅಂದಳು. ಎಡಗಣ್ಣಿಗೆ ಈಗ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗುತ್ತದೆ. ಬಲಗಣ್ಣಿನಲ್ಲೂ ಪೊರೆ ಶುರುವಾಗಿದೆ, ಹೊಲಿಗೆ ತಡವಾದರೆ ಅದೂ ಅದೇ ದಾರಿ ಅಂತ ಸಿಸ್ಟರ್ ಹೇಳಿ ಕಳಿಸಿದ್ದಾರೆ. ಪಟ್ಟಿ ಆಗಸ್ಟ್ ಇಪ್ಪತ್ತಕ್ಕೆ ಮುಚ್ಚುತ್ತದೆ.

ಒಂದು ಹೆಸರು ಹೊಡೆದುಹಾಕಲು ಎಷ್ಟು ಹಂತ ಬೇಕೋ? ನನ್ನ ಪಟ್ಟಿಯಲ್ಲಿ ಒಂಬತ್ತು ಜನರನ್ನು ಒಂದೇ ಗೆರೆಯಲ್ಲಿ ಹೊಡೆದೆಯಲ್ಲ.

ಅಕ್ಕ


10-8-2004

ಅಕ್ಕಾ,

ಇದರ ಜೊತೆ ಚೀಟಿ ಇದೆ, ಮೊಹರು ಬಿದ್ದಿದೆ. ಅಮ್ಮನ ಹೆಸರು ಇಲ್ಲಿಂದ ತೆಗೆಸಿದೆ. ಇವತ್ತೇ ಹೊರಡುವ ಟಪಾಲಿಗೆ ಹಾಕಿದ್ದೇನೆ, ಹದಿನೈದರೊಳಗೆ ನಿನ್ನ ಕೈಸೇರಬೇಕು.

ಮೊದಲೇ ಹೇಳಬೇಕಿತ್ತು, ನಾಚಿಕೆಯಾಗಿ ಹೇಳಲಿಲ್ಲ. ಅಮ್ಮನ ಹೆಸರು ಸೇರಿಸಿಕೊಂಡದ್ದು ಆಸ್ಪತ್ರೆಗಲ್ಲ. ತಾಯಿ ಜೊತೆಯಲ್ಲಿದ್ದಾರೆ ಅಂತ ಬರೆದುಕೊಟ್ಟರೆ ಎರಡು ಕೋಣೆಯ ಸರ್ಕಾರಿ ಮನೆ ಸಿಗುತ್ತಿತ್ತು. ಬರೆದುಕೊಟ್ಟೆ. ಐದು ವರ್ಷವಾಯಿತು. ಆ ಎರಡನೇ ಕೋಣೆಯಲ್ಲಿ ನನ್ನ ಹೆಂಡತಿಯ ಹೊಲಿಗೆ ಮೆಷಿನ್ನು, ನನ್ನ ಹಳೇ ಪೇಪರುಗಳ ರಾಶಿ. ಮನೆ ಇಕ್ಕಟ್ಟು ಅಂತ ನಿನಗೆ ಬರೆದದ್ದೂ ಆ ಕೋಣೆಯಲ್ಲೇ ಕೂತು.

ನೀನು ಹಂತ ಎಷ್ಟು ಅಂತ ಕೇಳಿದೆಯಲ್ಲ, ಹಂತ ಒಂದೇ. "ತಾಯಿ ನನ್ನೊಂದಿಗೆ ಎಂದೂ ವಾಸವಿರಲಿಲ್ಲ" ಅಂತ ಬರೆದು ಸಹಿ ಹಾಕಬೇಕು. ಅದಕ್ಕೇ ನನಗೆ ಒಂದು ತಿಂಗಳು ಹಿಡಿಯಿತು. ಸಾಹೇಬರ ಮುಂದೆ ನಿಂತು, ಗಣಿಯ ಕಾರ್ಯಕರ್ತೆ ನನ್ನ ಅಕ್ಕ, ಅವಳ ಅಂಕಿ ತಿದ್ದಿದವನೂ ನಾನೇ ಅಂತಲೂ ಹೇಳಿದೆ. ಸಾಹೇಬರು ಕನ್ನಡಕ ತೆಗೆದಿಟ್ಟರು. ಆಮೇಲೆ, "ಕುಂಬಳಕಾಯಿ ಕಳ್ಳ ಅಂತ ನಾನು ಕೂಗೇ ಇರ್ಲಿಲ್ಲವಲ್ಲಯ್ಯ, ನೀನ್ಯಾಕೆ ಹೆಗಲು ಮುಟ್ಟಿಕೊಂಡು ಬಂದೆ?" ಅಂದರು. ಆದರೂ ಕಾಗದ ತೆಗೆದುಕೊಂಡರು. ಒಂದು ವರ್ಷ ಬಡ್ತಿ ಇಲ್ಲ. ಮನೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಇವಳು ಆಗಲೇ ಪಾತ್ರೆ ಕಟ್ಟಲು ಶುರು ಮಾಡಿದ್ದಾಳೆ.

ವಿಭಾಗದ ವರದಿಯಲ್ಲಿ "ರೋಗ ಉಳಿಯಲು ಕಾರಣ" ಅಂತ ಒಂದು ಕಲಮು ಇದೆ. ಪ್ರತಿ ವರ್ಷ ಅದರಲ್ಲಿ "ಜನರ ಅಜ್ಞಾನ, ಸ್ವಚ್ಛತೆಯ ಕೊರತೆ" ಅಂತ ಬರೆಯುವುದು ವಾಡಿಕೆ. ನಾನೇ ನಾಲ್ಕು ವರ್ಷ ಬರೆದಿದ್ದೇನೆ. ನಮ್ಮಮ್ಮ ದಿನಕ್ಕೆ ಮೂರು ಸಲ ಇಪ್ಪತ್ತು ಮಕ್ಕಳ ಮುಖ ಒರೆಸುತ್ತಿದ್ದಳು, ನಾನು ಅಜ್ಞಾನ ಅಂತ ಬರೆಯುತ್ತಿದ್ದೆ. ಈ ಸಲ "ಪಟ್ಟಿಯಲ್ಲಿ ಬಿಟ್ಟುಹೋದ ಜನ" ಅಂತ ಬರೆದಿದ್ದೇನೆ.

ಅಮ್ಮನಿಗೆ ಇದನ್ನೆಲ್ಲ ಹೇಳಬೇಡ. ಹೇಳಿದರೂ ಸರಿ. ನನಗೆ ತಿಳಿಯುತ್ತಿಲ್ಲ.

ತಮ್ಮ


3-10-2004

ಪ್ರೀತಿಯ ತಮ್ಮನಿಗೆ,

ಚೀಟಿ ಹದಿನಾರಕ್ಕೆ ಸಿಕ್ಕಿತು. ಅಮ್ಮನನ್ನು ಇನ್ನೂರ ಹದಿಮೂರನೆಯವಳಾಗಿ ಬರೆದುಕೊಂಡೆ. ಅಳತೆ ಕೋಲಿಗೆ ನಿಲ್ಲಿಸಿ ಮಾತ್ರೆ ಕೊಟ್ಟು ನಾಲಿಗೆ ಎತ್ತಿಸಿದೆ. "ಹೆತ್ತವಳ ನಾಲಿಗೇನೂ ನೋಡ್ತೀಯಲ್ಲೇ" ಅಂತ ನಕ್ಕಳು.

ಸೆಪ್ಟೆಂಬರ್ ಎಂಟನೇ ತಾರೀಖು ಗಣಿಯ ಸ್ಟೋರ್ ರೂಮಿನಲ್ಲಿ ಆಪರೇಷನ್ ಆಯಿತು. ಎರಡೂ ರೆಪ್ಪೆ ತಿರುಗಿಸಿ ಹೊಲಿದಿದ್ದಾರೆ. ಬಲಗಣ್ಣು ಉಳಿಯಿತು. ಎಡಗಣ್ಣು ಬರುವುದಿಲ್ಲ. ಜುಲೈಯಲ್ಲೇ ಮಾಡಿದ್ದರೆ ಬರುತ್ತಿತ್ತೇ ಅಂತ ಡಾಕ್ಟರನ್ನು ಕೇಳಿದೆ, ನಿನಗೋಸ್ಕರವೇ ಕೇಳಿದೆ. "ಎರಡು ವರ್ಷದ ಹಿಂದೇನೇ ಹೋಗಿತ್ತಮ್ಮ" ಅಂದರು. ಹಾಗಾಗಿ ಆ ಒಂದು ತಿಂಗಳ ಭಾರ ನೀನು ಇಳಿಸು. ಎರಡು ವರ್ಷದ್ದು ಇಬ್ಬರೂ ಹೊರೋಣ, ನಾನು ಅದೇ ಮನೆಯಲ್ಲಿದ್ದೆ.

ಶೆಡ್ಡಿನ ಐವತ್ಮೂರು ಜನಕ್ಕೂ ಮಾತ್ರೆಯಾಯಿತು. ಆದರೆ ಕಳೆದ ವಾರ ಅವರಲ್ಲಿ ಅರ್ಧ ಜನ ಹೊರಟುಹೋದರು, ಹೊಸಬರು ಮೂವತ್ತು ಜನ ಬಂದಿದ್ದಾರೆ, ಅವರ ಮಕ್ಕಳ ಕಣ್ಣು ಈಗಲೇ ಕೆಂಪು. ಟ್ಯಾಂಕರ್ ಈಗಲೂ ವಾರಕ್ಕೆ ಎರಡೇ ಸಲ. ನಿನ್ನ ಕಲಮಿನಲ್ಲಿ ಜಾಗ ಉಳಿದಿದ್ದರೆ ಇದನ್ನೂ ಸೇರಿಸು. ಅಂಗಳದ ಗೋಡೆಗೆ ಮಗುವಿಗೊಂದು ಮೊಳೆ ಹೊಡೆದು ಅದರದರ ಬಟ್ಟೆ ನೇತುಹಾಕಿದ್ದೇನೆ. ಡಿಸೆಂಬರಿನಲ್ಲಿ ಮತ್ತೆ ರೆಪ್ಪೆ ಮಗುಚುತ್ತಾರೆ, ಆಗ ನೋಡೋಣ.

ಸಿಸ್ಟರ್ ಮಾತು ಹೇಗೋ ಬಾಯಿಂದ ಬಾಯಿಗೆ ಹೋಗಿ ಸಾಲುಮನೆಯ ಆರು ಜನ ತಾಯಂದಿರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಕಣ್ಣಿನ ಕಟ್ಟು ಬಿಚ್ಚಿದ ದಿನ ಅಮ್ಮ ಕೇಳಿದಳು: "ಆ ಮಕ್ಕಳಿಗೆ ಬಂದಿದ್ದು ನನ್ನ ಕೈಯಿಂದಾನಾ?"

ಇಲ್ಲ ಅನ್ನಬಹುದಿತ್ತು. "ಬಟ್ಟೆಯಿಂದ ಅಮ್ಮ" ಅಂದೆ. "ಪಟ್ಟಿ ಸರಿ ಇದ್ದಿದ್ರೆ ಬಟ್ಟೇಲಿ ಏನೂ ಇರ್ತಿರ್ಲಿಲ್ಲ. ತಪ್ಪು ಪಟ್ಟೀದು." ಅಷ್ಟಕ್ಕೇ ಬಿಡಲಿಲ್ಲ ಅವಳು. ಪಟ್ಟಿ ಬರೆದವರು ಯಾರು, ನನ್ನ ಹೆಸರು ಅಲ್ಲಿ ಯಾಕಿತ್ತು, ಒಂದೊಂದೇ ಕೇಳಿದಳು. ನಿನ್ನ ಎರಡು ಕೋಣೆಯ ವಿಷಯ ಹೇಳಿದೆ. ನನ್ನ ಗೂಡಿನ ಡಬ್ಬಿಯ ವಿಷಯ ಅವಳಿಗೆ ಗೊತ್ತೇ ಇತ್ತು, ಆದರೂ ಹೇಳಿದೆ.

ಗೋಡೆಯ ಮೊಳೆಗಳ ಕಡೆ ಮುಖ ತಿರುಗಿಸಿದಳು. ಆಮೇಲೆ ಅತ್ತಳು. ಆ ಕಣ್ಣಿಗೆ ಅಳು ಒಳ್ಳೆಯದಲ್ಲ ಅಂತ ಡಾಕ್ಟರು ಹೇಳಿದ್ದರು, ತಡೆಯಲು ನನ್ನಿಂದ ಆಗಲಿಲ್ಲ.

ನಾನು ಈ ಕಾಗದಕ್ಕೆ ಕೂತಾಗ ಪಕ್ಕಕ್ಕೆ ಬಂದು, "ನನಗೆ ಅವನ ಮೇಲೆ ಕೋಪ ಇಲ್ಲ ಅಂತ ಬರಿ" ಅಂದಳು. ಬರೆಯಲು ಹೋದೆ. "ತಡಿ. ಇದೆ ಅಂತಲೇ ಬರಿ. ಬಂದು ಎದುರು ನಿಂತು ಬೈಸಿಕೊಂಡು ಹೋಗಲಿ. ಐದು ವರ್ಷ ಅವನ ಮನೇಲಿ ಇದ್ದೆನಂತಲ್ಲ, ಅವನ ಮುಖ ಹೇಗಾಗಿದೆ ಅಂತಾನೂ ನನಗೆ ಗೊತ್ತಿಲ್ಲ" ಅಂದಳು. ಹೀಗೆ ಅವಳು ಹೇಳಿದ ಹಾಗೇ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ.

ಬರುವಾಗ ಅವಳ ಬಲಕ್ಕೆ ಬಂದು ನಿಲ್ಲು. ಎಡಗಡೆ ನಿಂತರೆ ಕಾಣುವುದಿಲ್ಲ.

ನಿನ್ನ ಅಕ್ಕ